ಅವಳ ಗದ್ದೆಯಲ್ಲಿ ನನ್ನದೊಂದು ಬೆಳೆ

ಬೀರೂರು

ಜಗಳವಾಡಿಕೊಂಡವರು ಒಟ್ಟಿಗೆ ವಿಮಾನ ಹತ್ತಬಾರದು. ಬಸ್ಸಾದರೆ ಹಿಂದಿನ ಸೀಟಿಗೆ ಹೋಗಿ ಕೂರಬಹುದು. ರೈಲಾದರೆ ಬಾಗಿಲ ಬಳಿ ನಿಂತು ಗಾಳಿ ಕುಡಿಯಬಹುದು. ವಿಮಾನದಲ್ಲಿ ಅದೂ ಇಲ್ಲ. ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಾಗಿಸಿಕೊಂಡು, ಸಿಟ್ಟನ್ನು ಮಡಿಲಲ್ಲಿಟ್ಟುಕೊಂಡು ಸಮುದ್ರ ದಾಟಬೇಕು. ನಾನು ಮತ್ತು ತಬಸ್ಸುಮ್ ಶ್ರೀಲಂಕಾಕ್ಕೆ ಹೋದದ್ದು ಹೀಗೆ.

ನಾನು ಕಡೂರಿನ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳುವವಳು. ತವರು ಅಜ್ಜಂಪುರ. ತಬಸ್ಸುಮ್ ತರೀಕೆರೆಯವಳು, ನೀರಾವರಿ ಓದಿದ ಎಂಜಿನಿಯರು. ಹಿರೇನಲ್ಲೂರು ಕಡೆಯ ಕೆರೆಗಳನ್ನು ಕುರಿತ ಒಂದು ಸಂಶೋಧನೆ ನಮ್ಮಿಬ್ಬರನ್ನೂ ಒಂದೇ ನೊಗಕ್ಕೆ ಕಟ್ಟಿತ್ತು. ಸುಸ್ಥಿರ ಅಭಿವೃದ್ಧಿಯ ಕೆಲಸ ಒಂದೇ ಶಾಸ್ತ್ರದವರಿಂದ ಆಗುವುದಲ್ಲ, ನೀರು ಓದಿದವರೂ ಜನರನ್ನು ಓದಿದವರೂ ಕೂಡಿ ಮಾಡಬೇಕು ಅನ್ನುವುದು ಅದಕ್ಕೆ ದುಡ್ಡು ಕೊಟ್ಟವರ ಆಸೆ. ಅವಳು ನೀರು ಅಳೆಯಬೇಕು, ನಾನು ಜನರನ್ನು ಕೇಳಬೇಕು, ಕೊನೆಗೆ ಇಬ್ಬರೂ ಸೇರಿ ಒಂದೇ ವರದಿ ಬರೆಯಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ನಿಮ್ಮಲ್ಲಿ ಎತ್ತು ಯಾರು, ಕೋಣ ಯಾರು ಅಂತ ಸ್ಟಾಫ್ ರೂಮಿನಲ್ಲಿ ಮೊದಲ ದಿನವೇ ತಮಾಷೆ ಮಾಡಿದ್ದರು.

ಮೊದಮೊದಲು ಇಬ್ಬರೂ ಒಂದೇ ಕಡೆಗೆ ಎಳೆದೆವು. ಅವಳ ಸ್ಕೂಟರಿನ ಹಿಂದೆ ಕೂತು ಏರಿಯಿಂದ ಏರಿಗೆ ಅಲೆದಿದ್ದೇನೆ. ಅವಳು ನೀರಿಗಿಳಿದು ಅಳತೆಪಟ್ಟಿ ಹಿಡಿದರೆ ನಾನು ದಡದಲ್ಲಿ ಅವಳ ಚಪ್ಪಲಿ ಕಾಯುತ್ತಿದ್ದೆ. ನಾನು ಯಾರದೋ ಜಗಲಿಯಲ್ಲಿ ಕೂತು ಮಾತು ತೆಗೆದರೆ ಅವಳು ಕಂಬಕ್ಕೊರಗಿ ನಿದ್ದೆ ಹೋಗುತ್ತಿದ್ದಳು. ಒಬ್ಬರ ಕೆಲಸ ಇನ್ನೊಬ್ಬರ ತಲೆಗೆ ಹತ್ತುತ್ತಿರಲಿಲ್ಲ ಅನ್ನುವುದು ಆಗ ದೊಡ್ಡ ವಿಷಯ ಅನ್ನಿಸಲಿಲ್ಲ.

ಜಗಳ ಹುಟ್ಟಿದ್ದು ಕೋಡಿಯಿಂದ. ಒಂದೇ ಹಳ್ಳಕ್ಕೆ ಎರಡು ಕೆರೆ. ಮೇಲಿನೂರಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನೂರಿನ ಕೆರೆಗೆ. ಮೇಲಿನೂರಿನವರು ತಮ್ಮ ಕೋಡಿಯನ್ನು ಒಂದು ಮೊಳ ಎತ್ತರಿಸಿಕೊಡಿ ಅಂತ ಕೇಳುತ್ತಿದ್ದರು. ಆ ಊರಿಗೆ ಹೋದಾಗಲೆಲ್ಲ ನನಗೆ ಹಾಲಮ್ಮಕ್ಕ ಅನ್ನುವ ರೈತ ಹೆಂಗಸಿನ ಮನೆಯಲ್ಲೇ ಊಟ. ಆ ಊರಿನವರು ಯಾಕೆ ಹಾಗೆ ಕೇಳುತ್ತಾರೆ ಅನ್ನುವುದು ನನಗೆ ಗೊತ್ತಿತ್ತು, ಎಲ್ಲವನ್ನೂ ಬರೆದೆ. ತಬಸ್ಸುಮ್ ತನ್ನ ಅಳತೆ ನೋಡಿ, ಮೊಳ ಎತ್ತರಿಸಿದರೆ ಕೆಳಗಿನ ಕೆರೆ ಒಣಗಿದ ಹಾಗೇ ಅಂತ ಬರೆದಳು. ಬರೆಯಲಿ, ಬೇಡ ಅಂದವರು ಯಾರು? ಆದರೆ ನಾನು ಜಗಲಿ ಜಗಲಿ ಸುತ್ತಿ ಕೂಡಿಸಿದ ಜನರ ಮಾತನ್ನೆಲ್ಲ ವರದಿಯ ಬಾಲಕ್ಕೆ, ಅನುಬಂಧದ ಒಂದೇ ಒಂದು ಪುಟಕ್ಕೆ ತುರುಕಿದ್ದಳು.

"ಅದು ಅಭಿಪ್ರಾಯ ಕಣೇ, ಮಾಹಿತಿ ಅಲ್ಲ" ಅಂದಳು.

"ನೀರಿಗೆ ಬಾಯಿಲ್ಲ ನೋಡು, ಅದಕ್ಕೇ ನಿಂಗೆ ಅದನ್ನ ಕಂಡ್ರೆ ಇಷ್ಟ" ಅಂದೆ.

ಮಾತಿಗೆ ಮಾತು ಬೆಳೆಯಿತು. ಮರುದಿನದಿಂದ ನಾನು ಅವಳಿಗೆ 'ಮೇಡಂ' ಆದೆ. ಅಷ್ಟರಲ್ಲಿ ಪುಣೆಯ ಒಂದು ಸಂಸ್ಥೆ ಅವಳನ್ನು ಕೆಲಸಕ್ಕೆ ಕರೆಯಿತು. ಲಂಕೆಯಿಂದ ಬಂದ ಮೇಲೆ ತನ್ನ ಪಾಲಿನ ವರದಿ ತಾನು ಬೇರೆಯಾಗಿ ಕೊಟ್ಟು ಹೊರಟುಬಿಡುತ್ತೇನೆ ಅಂದಳು. ಅಣ್ಣತಮ್ಮಂದಿರು ಪಾಲಾದ ಹಾಗೆ ಒಂದು ಕೆಲಸ ಎರಡಾಗುವುದು ನನಗೆ ಬೇಕಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಅವಳು ಹೋಗುವುದು ಬೇಕಿರಲಿಲ್ಲ. ಇರು ಅನ್ನಲು ಬಾಯಿ ಬರಲಿಲ್ಲ, ನನ್ನ ಸೊಕ್ಕು ನನಗೆ.

ಅನುರಾಧಪುರದ ಕೆರೆಗಳನ್ನು ನೋಡಿ, ಅಲ್ಲಿಯ ಒಂದು ಗೋಷ್ಠಿಯಲ್ಲಿ ನಮ್ಮ ಕೆರೆಗಳ ಬಗ್ಗೆ ಇಬ್ಬರೂ ಮಾತಾಡುವುದೆಂದು ಜಗಳಕ್ಕೆ ಮೊದಲೇ ನಿಗದಿಯಾಗಿತ್ತು. ತಪ್ಪಿಸಿಕೊಳ್ಳುವಂತಿರಲಿಲ್ಲ. ಬೀರೂರು ಸ್ಟೇಷನ್ನಿನಲ್ಲಿ ಅವಳ ಅಮ್ಮಿ ನನ್ನ ಕೈಹಿಡಿದು, "ಇವಳು ನೀರು ಕುಡಿಯೋದು ಮರೀತಾಳೆ, ನೀನೇ ನೋಡ್ಕೋಬೇಕಮ್ಮ" ಅಂದರು. ನಮ್ಮ ಜಗಳದ ಸುದ್ದಿ ಅವರ ಕಿವಿಗೆ ಬಿದ್ದಿರಲಿಲ್ಲ. ಇಬ್ಬರೂ ನಕ್ಕು ರೈಲು ಹತ್ತಿದೆವು.

ಕೊಲಂಬೊ

ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಗಳು ಒಂದರ ಹಿಂದೆ ಒಂದು ಬಂದವು. ತಬಸ್ಸುಮಳದು ಬಂತು. ಯಾರದೋ ಮಗುವಿನ ತಳ್ಳುಗಾಡಿ ಬಂತು. ಒಂದು ಸುತ್ತಿದ ಜಮಖಾನವೂ ಬಂತು. ನನ್ನದು ಬರಲಿಲ್ಲ. ಪಟ್ಟಿ ನಿಂತುಹೋಯಿತು. ಕೌಂಟರಿನ ಹುಡುಗಿ ನಮ್ಮೂರ ಹೆಂಗಸರ ಹಾಗೇ ತಲೆ ಅತ್ತಿತ್ತ ಆಡಿಸಿ, ಬರುತ್ತೆ ಬರುತ್ತೆ, ಚಿಂತೆ ಮಾಡಬೇಡಿ ಅಂದಳು. ಬರುತ್ತೆ ಅಂದಳೋ ಬರಲ್ಲ ಅಂದಳೋ, ಆ ತಲೆ ನೋಡಿ ಹೇಳುವಂತಿರಲಿಲ್ಲ. ನಮ್ಮ ಕಡೆಗೆ ಬಂದ ಪರದೇಶದವರು ಯಾಕೆ ತಬ್ಬಿಬ್ಬಾಗುತ್ತಾರೆ ಅಂತ ಮೊದಲ ಸಲ ತಿಳಿಯಿತು.

ನಾವು ಇಳಿದುಕೊಂಡ ಕೋಣೆ ಒಂದೇ, ಮಂಚ ಎರಡು. ಉಟ್ಟ ಸೀರೆ ಬೆವರಿ ಮುದ್ದೆಯಾಗಿತ್ತು. ನಾನು ಕಿಟಕಿಯ ಕಡೆ ತಿರುಗಿ ಸುಮ್ಮನೆ ಕೂತೆ. ಹಿಂದಿನಿಂದ ಪೆಟ್ಟಿಗೆ ತೆರೆದ ಸದ್ದಾಯಿತು. ನನ್ನ ಮಂಚದ ಮೇಲೆ ಮಡಚಿದ ಒಂದು ಸಲ್ವಾರು, ಕುರ್ತಾ, ಹೊಸ ಹಲ್ಲುಜ್ಜುವ ಬ್ರಷ್ಷು ಬಂದು ಕೂತವು.

"ಉದ್ದ ಆಗುತ್ತೆ. ತೋಳು ಮಡಚ್ಕೊಳ್ಳಿ, ಮೇಡಂ."

ಅವಳು ನನಗಿಂತ ಒಂದು ಗೇಣು ಎತ್ತರ. ಕನ್ನಡಿಯಲ್ಲಿ ನೋಡಿದರೆ ನಾನು ಅಕ್ಕನ ಅಂಗಿ ಹಾಕಿಕೊಂಡು ಶಾಲೆಗೆ ಹೊರಟ ಮಗುವಿನ ಹಾಗಿದ್ದೆ. ಅವಳು ತುಟಿ ಕಚ್ಚಿಕೊಂಡು ನಗು ತಡೆದದ್ದು ಕನ್ನಡಿಯಲ್ಲೇ ಕಂಡಿತು. ನಾನೂ ಕಾಣದವಳಂತೆ ತೋಳು ಮಡಚಿಕೊಂಡೆ.

ಬೆಳಿಗ್ಗೆ ನಮ್ಮನ್ನು ಕರೆದೊಯ್ಯಲು ಚಂದ್ರಾಣಿ ಬಂದಳು. ಗಿಡಮರಗಳ ಶಾಸ್ತ್ರ ಓದಿದವಳು, ಗೋಷ್ಠಿ ನಡೆಸುವವರಲ್ಲಿ ಒಬ್ಬಳು. ಮೊದಲ ಮಾತೇ, "ನಮ್ಮ ಕಟ್ಟಳೆ ನಿಮಗೆ ಒಪ್ಪಿಗೆಯಾದದ್ದು ಬಹಳ ಸಂತೋಷ" ಅಂದಳು.

ಯಾವ ಕಟ್ಟಳೆ ಅಂತ ನಾವು ಮುಖ ಮುಖ ನೋಡಿಕೊಂಡೆವು. ಅವರ ಗೋಷ್ಠಿಯಲ್ಲಿ ಯಾರೂ ತಮ್ಮ ಶಾಸ್ತ್ರದ ಬಗ್ಗೆ ತಾವೇ ಮಾತಾಡುವಂತಿಲ್ಲವಂತೆ. ಜೊತೆಗಾರರ ಕೆಲಸವನ್ನು ನಾವು ಹೇಳಬೇಕು, ನಮ್ಮದನ್ನು ಅವರು ಹೇಳಬೇಕು. ಜೊತೆಗೆ ಕೆಲಸ ಮಾಡಿದ್ದೇವೆ ಅನ್ನುವವರು ನಿಜಕ್ಕೂ ಮಾಡಿದ್ದಾರೋ ಇಲ್ಲವೋ ಅನ್ನುವುದು ಆಗ ತಾನಾಗೇ ಹೊರಬೀಳುತ್ತದೆ ಅಂತ ಚಂದ್ರಾಣಿ ನಕ್ಕಳು. ಇದೆಲ್ಲ ಬಹಳ ಹಿಂದೆಯೇ ಇಮೇಲಿನಲ್ಲಿ ಬಂದಿತ್ತು. ತಬಸ್ಸುಮ್ ಓದಿಕೊಳ್ಳುತ್ತಾಳೆ ಅಂತ ನಾನು, ನಾನು ಓದಿಕೊಳ್ಳುತ್ತೇನೆ ಅಂತ ಅವಳು ಅದನ್ನು ತೆರೆದೇ ಇರಲಿಲ್ಲ. ಉತ್ತರ ಬರದಿದ್ದುದನ್ನು ಅವರು ಒಪ್ಪಿಗೆ ಅಂದುಕೊಂಡಿದ್ದರು. ಹತ್ತು ಜನ ಸೇರಿದ ಕಡೆ ಹಾವು ಸಾಯಲ್ಲ ಅಂತಾರೆ. ನಮ್ಮಲ್ಲಿ ಇಬ್ಬರಿಗೇ ಸಾಯಲಿಲ್ಲ.

ಅನುರಾಧಪುರದ ದಾರಿ

ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡು ಓದಲು ಹೋಗಿ ಸೋತೆ. ನಮ್ಮ ಅಕ್ಷರವನ್ನೇ ಜಿಲೇಬಿ ಅಂತಾರೆ. ಸಿಂಹಳದ್ದು ಅದಕ್ಕೂ ಒಂದು ಸುತ್ತು ಹೆಚ್ಚು. ಎಲ್ಲೋ ಒಂದು ಅಕ್ಷರ ನಮ್ಮ 'ಗ'ದ ಹಾಗೆ ಕಂಡು ಕಣ್ಣರಳಿಸುತ್ತಿದ್ದೆ, ಮುಂದಿನದು ಕೈಕೊಡುತ್ತಿತ್ತು. ನಾಲ್ಕು ದಾರಿ ಕೂಡುವಲ್ಲೆಲ್ಲ ಗಾಜಿನ ಗೂಡಿನಲ್ಲಿ ಬುದ್ಧ ಕೂತಿದ್ದ. ಬಿಳಿ ಬಟ್ಟೆಯ ಶಾಲೆಯ ಹುಡುಗಿಯರು ಎರಡೆರಡು ಜಡೆ ಬಿಟ್ಟುಕೊಂಡು ನಡೆಯುತ್ತಿದ್ದರು. ಚಹಾಕ್ಕೆ ನಿಲ್ಲಿಸಿದಲ್ಲಿ ಲೋಟದ ಜೊತೆ ಅಂಗೈಗೆ ಒಂದು ಬೆಲ್ಲದ ಚೂರು ಹಾಕಿದರು. ಬೆಲ್ಲ ಕಚ್ಚಬೇಕು, ಸಪ್ಪೆ ಚಹಾ ಗುಟುಕರಿಸಬೇಕು. ಕೆಂಪು ಎಳನೀರನ್ನೂ ಕುಡಿದೆ. ಚೆನ್ನಾಗಿದೆ ಅಂತ ಚಂದ್ರಾಣಿಗೆ ಹೇಳಿದೆನಾದರೂ ನಮ್ಮ ತೋಟದ ಎಳನೀರಿನ ಎದುರು ಅದು ನಿಲ್ಲುವುದಿಲ್ಲ. ಇದನ್ನು ಪಕ್ಷಪಾತ ಅನ್ನುವವರು ಅನ್ನಲಿ.

ಊಟದ ವಿಷಯಕ್ಕೆ ಬಂದರೆ ನಾನು ಮೊಟ್ಟೆಯನ್ನೂ ಮುಟ್ಟದ ಮನೆಯವಳು. ಆ ನಾಡಿನಲ್ಲಿ ತೆಂಗಿನತುರಿಯ ಚಟ್ನಿಗೂ ಒಣಮೀನಿನ ಪುಡಿ, ಸೊಪ್ಪಿನ ಪಲ್ಯಕ್ಕೂ ಅದೇ. ಅವರ ಲೆಕ್ಕದಲ್ಲಿ ಅದು ಮೀನೇ ಅಲ್ಲ, ನಮ್ಮ ಇಂಗಿನ ಹಾಗೆ ವಾಸನೆಗೆ ಹಾಕುವುದು. ಮೀನಿಲ್ಲ ತಾನೇ ಅಂದರೆ, ಇಲ್ಲವೇ ಇಲ್ಲ ಅಂತ ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಹೋಟೆಲಿನಲ್ಲಿ ಅನ್ನದ ಸುತ್ತ ಹತ್ತಾರು ಬಟ್ಟಲು ಬಂದಾಗ ನಾನು ಕೈಕಟ್ಟಿ ಕೂತೆ. ತಬಸ್ಸುಮ್ ಏನೂ ಹೇಳದೆ ಪ್ರತಿ ಬಟ್ಟಲಿನಿಂದಲೂ ಚೂರು ತೆಗೆದು ತನ್ನ ಬಾಯಿಗೆ ಹಾಕಿಕೊಂಡಳು. ಮೀನಿದ್ದದ್ದು ಅವಳ ಕಡೆಗೆ, ಇಲ್ಲದ್ದು ನನ್ನ ಕಡೆಗೆ ಸರಿಯುತ್ತಾ ಬಂತು. "ಇದ್ರಲ್ಲಿಲ್ಲ" ಅಂತ ಒಂದೇ ಮಾತು. ಅಲ್ಲಿದ್ದಷ್ಟು ದಿನವೂ ಪ್ರತಿ ಊಟಕ್ಕೂ ಹೀಗೇ ಮಾಡಿದಳು. ಮಾತು ಬಿಟ್ಟವಳು ನನ್ನ ಬಾಯಿ ಕಾಯುತ್ತಿದ್ದಾಳಲ್ಲ ಅಂದುಕೊಂಡೆ. ಒಂದು ತುತ್ತು ಹೆಚ್ಚೇ ಉಂಡೆ.

ಹೊಟ್ಟೆ ತುಂಬಿದ್ದರಿಂದ ಧೈರ್ಯ ಬಂದು, "ನಿಮ್ಮ ಭಾಗ ಹೇಳ್ಕೊಡಿ, ಕಲೀತೀನಿ" ಅಂದೆ. ವ್ಯಾನಿನಲ್ಲೇ ಲ್ಯಾಪ್‌ಟಾಪ್ ತೆರೆದು, ಮಳೆ, ಹರಿವು, ಇಂಗುವಿಕೆ ಅಂತ ತರಗತಿಯಲ್ಲಿ ಹೇಳುವ ಹಾಗೆ ಹೇಳಿದಳು. ಒಂದು ಗೆರೆ ಏರಿ ಇಳಿಯುತ್ತಿತ್ತು.

"ಅರ್ಥ ಆಗಲಿಲ್ಲ."

"ಅರ್ಥ ಆಗ್ಬೇಕು ಅಂತೇನಿಲ್ಲ. ಬರೆದದ್ದನ್ನ ಓದಿದ್ರೆ ಸಾಕು."

ನಾನು ಕಿಟಕಿಯ ಕಡೆ ತಿರುಗಿಕೊಂಡೆ. ನನ್ನ ಭಾಗವನ್ನು ಅವಳೂ ಹಾಗೇ ಓದಿ ಮುಗಿಸುತ್ತಾಳೆ ಅಂತ ಹೊಟ್ಟೆ ಉರಿಯಿತು.

ಮೆನಿಕೆ ಅಕ್ಕನ ಊರು

ಊರು ಪುಟ್ಟದು. ಮೇಲೆ ಕಾಡು, ಕಾಡಿನ ಕೆಳಗೆ ಕೆರೆ, ಕೆರೆಯ ಕೆಳಗೆ ಗದ್ದೆ. ಏರಿಯ ಮಗ್ಗುಲಲ್ಲಿ ಹೊಳೆಮತ್ತಿ ಮರಗಳು. ನಮಗೆ ಇಳಿದುಕೊಳ್ಳಲು ಜಾಗ ಕೊಟ್ಟವಳು ಮೆನಿಕೆ ಅಕ್ಕ. ಗಟ್ಟಿ ದನಿಯ, ಗಟ್ಟಿ ಕೈಯ ಹೆಂಗಸು, ಗದ್ದೆ ತಾನೇ ಮಾಡಿಸುವವಳು. ಅವಳಿಗೆ ಇಂಗ್ಲಿಷ್ ಬಾರದು, ನಮಗೆ ಸಿಂಹಳ ಬಾರದು. ಚಂದ್ರಾಣಿಯೇ ಎರಡೂ ಕಡೆಯ ಬಾಯಿ.

ರಾತ್ರಿಯ ಊಟಕ್ಕೆ ಅವಳು ತಟ್ಟೆಗೆ ಬಡಿಸಿದ್ದನ್ನು ನೋಡಿ ನಾನೂ ತಬಸ್ಸುಮೂ ಒಟ್ಟಿಗೆ "ಮುದ್ದೆ!" ಅಂದೆವು. ಕಂದು ಬಣ್ಣ, ಅದೇ ಹಬೆ, ಅದೇ ವಾಸನೆ. ಅವರು ತಲಪ ಅನ್ನುತ್ತಾರೆ, ರಾಗಿಗೆ ಕುರಕ್ಕನ್ ಅನ್ನುತ್ತಾರೆ. ಸಮುದ್ರ ದಾಟಿ ಬಂದು ಅಷ್ಟು ದಿನ ಆಗಿರಲಿಲ್ಲ, ಆದರೂ ನನ್ನ ಕಣ್ಣಲ್ಲಿ ನೀರು ಬಂತು. ನಾವು ಮುರಿದು, ಉಂಡೆ ಮಾಡಿ, ಸೊಪ್ಪಿನ ಸಾರಿಗೆ ಅದ್ದಿ ನುಂಗಿದರೆ ಮೆನಿಕೆ ಅಕ್ಕ ಕೈ ನಿಲ್ಲಿಸಿ ನೋಡಿದಳು. ಅವರು ಅಗಿಯುತ್ತಾರೆ. "ಹಲ್ಲಿದ್ದೂ ನುಂಗುತ್ತಾರಲ್ಲ, ಹಾವಿನ ಹಾಗೆ" ಅಂತ ಮನೆ ತುಂಬ ನಕ್ಕಳು. ಅಗಿದರೆ ರುಚಿ ಕೆಡುತ್ತದೆ ಅಂತ ತಬಸ್ಸುಮ್ ವಾದಕ್ಕಿಳಿದಳು. ಮುದ್ದೆಯ ಮಾನ ಕಾಯಲು ನಾವಿಬ್ಬರೂ ಒಂದೇ ಪಕ್ಷವಾದೆವು. ಕೈ ತೊಳೆದ ಮೇಲೆ ಮತ್ತೆ ಮೇಡಂ.

ಮರುದಿನ ಏರಿಯ ಬದಿಯ ಚಾವಡಿಯಲ್ಲಿ ಊರ ಸಭೆ. ಕೆರೆ ಅರ್ಧವೂ ತುಂಬಿರಲಿಲ್ಲ. ಇರುವ ನೀರು ಏರಿಗೆ ಹತ್ತಿರದ ಗದ್ದೆಗಳಿಗೆ ಮಾತ್ರ ಸಾಲುವಂತಿತ್ತು. ನಮ್ಮ ಕಡೆಯಾದರೆ ಇಂಥ ಸಭೆಯಲ್ಲಿ ಮೇಲುಗದ್ದೆಯವರು ಮೀಸೆ ತಿರುವುತ್ತಾರೆ, ಕೊನೆಗದ್ದೆಯವರು ಎದ್ದು ಬೈಯುತ್ತಾರೆ. ಅಲ್ಲಿ ನಡೆದದ್ದೇ ಬೇರೆ. ನೀರು ಹತ್ತುವ ಆ ಗದ್ದೆಗಳನ್ನು ಒಂದು ಬೆಳೆಯ ಮಟ್ಟಿಗೆ ಎಲ್ಲರದ್ದು ಅಂತ ಮಾಡಿ, ಕೊನೆಗದ್ದೆಯವರಿಗೂ ಅದರಲ್ಲಿ ಪಟ್ಟಿ ಪಟ್ಟಿ ಹಂಚಿಕೊಟ್ಟರು. ಬೆತ್ಮ ಅಂತ ಅದರ ಹೆಸರು. ಬೆಳೆ ಕೊಯ್ದ ಮೇಲೆ ಅವರವರ ನೆಲ ಅವರವರಿಗೆ. ಯಾವಾಗಿನಿಂದ ಹೀಗೆ ಅಂದರೆ ಅಜ್ಜನ ಕಾಲದಿಂದ ಅಂದರು. ಎಲ್ಲ ಊರಲ್ಲೂ ಈಗ ಇದು ನಡೆಯುವುದಿಲ್ಲ ಅಂತಲೂ ಚಂದ್ರಾಣಿ ಸೇರಿಸಿದಳು.

ಮೆನಿಕೆ ಅಕ್ಕನ ಗದ್ದೆ ಏರಿಗೆ ಅಂಟಿಕೊಂಡಿದ್ದು. ಅದರಲ್ಲೊಂದು ಪಟ್ಟಿ ಕೊನೆಗದ್ದೆಯ ಗುಣದಾಸನ ಪಾಲಿಗೆ ಬಂತು. ಅವಳು ಒಪ್ಪಿಗೆಯೆಂದು ಕೈಯೆತ್ತಿದಳು, ಎತ್ತಿದ ಕೈ ಇಳಿಸದೆಯೇ ಬೈಯಲು ಶುರು ಮಾಡಿದಳು. ಹಿಂದಿನ ಸಲ ಈ ಗುಣದಾಸ ನನ್ನ ಬದುಗಳನ್ನೆಲ್ಲ ತುಳಿದು ಹಾಳು ಮಾಡಿದ, ಕಳೆ ಕೀಳಲಿಲ್ಲ, ಸೋಮಾರಿ, ಆಳೆತ್ತರದ ಹುಲ್ಲು ಬೆಳೆಯಲು ಬಿಟ್ಟುಹೋದ. ಗುಣದಾಸ 'ಹೌದಕ್ಕ, ಹೌದಕ್ಕ' ಅನ್ನುವಂತೆ ತಲೆಯಾಡಿಸುತ್ತ ಎಲೆಯಡಿಕೆ ಮೆಲ್ಲುತ್ತಿದ್ದ.

ಸಭೆ ಮುಗಿದ ಮೇಲೆ ತಬಸ್ಸುಮ್ ಅವಳನ್ನು ತಡೆದು ಕೇಳಿದಳು: "ಅಷ್ಟು ಹಾಳು ಮಾಡ್ತಾನೆ ಅಂತೀರಿ, ಮತ್ಯಾಕೆ ಕೊಡ್ತೀರಿ?" ನಾನು ಬೆರಗಾದೆ. ಅದು ನಾನು ಕೇಳಬೇಕಾದ ಪ್ರಶ್ನೆ.

"ಕೊಡದೆ? ಮಳೆಗಾಲದಲ್ಲಿ ಏರಿ ಬಿರುಕು ಬಿಟ್ಟರೆ ಮಣ್ಣು ಹೊರಲು ಅವನೂ ಬರಬೇಕಲ್ಲ. ಈ ಕೆರೆಯಿಂದ ಅವನ ಒಲೆ ಉರಿಯದಿದ್ದರೆ ಅವನು ಯಾಕೆ ಬರ್ತಾನೆ, ನನ್ನ ಮುಖ ನೋಡೋಕಾ?" ಅಂದಳು ಮೆನಿಕೆ ಅಕ್ಕ, ಇನ್ನೂ ಸಿಟ್ಟಿನಲ್ಲೇ.

ಮನೆಗೆ ಬರುವ ದಾರಿಯಲ್ಲಿ ತಬಸ್ಸುಮ್ ಒಮ್ಮೆಲೇ ನಿಂತು, "ನಮ್ಮ ಮೇಲಿನೂರಲ್ಲಿ ಹಳ್ಳದ ಹೂಳು ಯಾರು ತೆಗೆಯೋದು?" ಅಂದಳು.

"ಮೇಲಿನೂರೋರೇ. ಬರೆದಿದೀನಲ್ಲ. ಅನುಬಂಧದಲ್ಲಿದೆ" ಅಂದೆ, ಚುಚ್ಚಿಯೇ ಅಂದೆ.

"ಕೆಳಗಿನೋರು?"

"ಬರಲ್ಲ."

ಅವಳು ಹಾಲಮ್ಮಕ್ಕನ ಮಾತಿನ ರೆಕಾರ್ಡು ಕೇಳಿದಳು, ಕೊಟ್ಟೆ. ಮೆನಿಕೆ ಅಕ್ಕನ ಮನೆಯ ಮೆಟ್ಟಿಲ ಮೇಲೆ ಕೂತು, ಕಿವಿಗೆ ಸಿಕ್ಕಿಸಿಕೊಂಡು, ಬಿಸಿಲು ಇಳಿಯುವವರೆಗೂ ಕೇಳಿದಳು. ಒಂದು ಕಡೆ ಹಿಂದಕ್ಕೆ ತಿರುಗಿಸಿ ತಿರುಗಿಸಿ ಕೇಳುತ್ತಿದ್ದಳು. ಯಾವ ಮಾತು ಅಂತ ನನಗೆ ಗೊತ್ತು. "ನೀರಿಗೆ ಬತ್ತಾರೆ ಕಣವ್ವ, ಹೂಳಿಗೆ ಬರಲ್ಲ. ಹಳ್ಳ ಬಳಿಯೋರು ನಾವು, ಕೋಡಿ ನೋಡ್ಕಂಡು ಕುಂತಿರೋರು ಅವ್ರು." ಅವತ್ತು ಹಾಲಮ್ಮಕ್ಕ ಇದನ್ನು ಹೇಳುವಾಗ ತಬಸ್ಸುಮ್ ಅದೇ ಜಗಲಿಯಲ್ಲಿ ಕಂಬಕ್ಕೊರಗಿ ನಿದ್ದೆ ಮಾಡುತ್ತಿದ್ದಳು.

ಏರಿಯ ಮೇಲೆ

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವಳು ಕೆರೆಯಂಗಳದಲ್ಲಿದ್ದಳು. ನನ್ನನ್ನು ಕೈಬೀಸಿ ಕರೆದಳು. ಒದ್ದೆ ಮಣ್ಣಿನ ಇಳಿಜಾರಿನಲ್ಲಿ ಎರಡು ತೆಂಗಿನ ಚಿಪ್ಪು ಹೂತಿದ್ದಳು, ಒಂದು ಮೇಲೆ, ಒಂದು ಕೆಳಗೆ, ನಡುವೆ ಬೆರಳಿನಲ್ಲಿ ಗೀಚಿದ ಹಳ್ಳ. ಚೊಂಬಿನಿಂದ ನೀರು ಬಿಟ್ಟಳು. ಮೇಲಿನದು ತುಂಬಿ, ಚಿಪ್ಪಿನ ಮುರಿದ ಅಂಚಿನಿಂದ ಜಾರಿ ಕೆಳಗಿನದಕ್ಕೆ ಹರಿಯಿತು. ಆಮೇಲೆ ಎರಡೂ ಚಿಪ್ಪಿನ ನೀರು ಚೆಲ್ಲಿ, ಆ ಮುರಿದ ಅಂಚಿಗೆ ಸ್ವಲ್ಪ ಜೇಡಿ ಮೆತ್ತಿ ಅಷ್ಟೇ ನೀರು ಮತ್ತೆ ಬಿಟ್ಟಳು. ಮೇಲಿನದು ಅಂಚಿಗೆ ಬಂದು ನಿಂತಿತು. ಕೆಳಗಿನ ಚಿಪ್ಪು ಒಣಗಿಯೇ ಇತ್ತು.

"ನನ್ನ ಗೆರೆ ಹೇಳೋದು ಇಷ್ಟೇ. ದೊಡ್ಡ ಮಳೆ ಬಂದ ವರ್ಷ ಹರಿಯುತ್ತೆ. ಬಾಕಿ ವರ್ಷ ಹೀಗೆ."

ವ್ಯಾನಿನಲ್ಲಿ ತಲೆಗೆ ಹತ್ತದೇ ಹೋದದ್ದು ಚಿಪ್ಪಿನಲ್ಲಿ ಹತ್ತಿತು. ಅದನ್ನೂ ಚೆಲ್ಲಿ, ಇನ್ನೊಂದು ಸಲ ನಾನೇ ಅಷ್ಟೇ ನೀರು ಬಿಟ್ಟು ನೋಡಿದೆ. ಬೇರೆ ರೀತಿ ಆಗಲಿಲ್ಲ. ಕೆಳಗಿನ ಒಣ ಚಿಪ್ಪನ್ನು ನೋಡುತ್ತ ಕೂತೆ. ಅಷ್ಟು ದಿನದಿಂದ ನನ್ನನ್ನು ಒಳಗೊಳಗೇ ತಿನ್ನುತ್ತಿದ್ದದ್ದು ಆಗ ಬಾಯಿಗೆ ಬಂತು.

"ನಿನ್ನ ಅಳತೆ ತಪ್ಪು ಅಂತ ನಾನು ಯಾವತ್ತೂ ಅಂದ್ಕೊಂಡಿಲ್ಲ ಕಣೇ. ಆದ್ರೆ ಹಾಲಮ್ಮಕ್ಕನ ಮುಂದೆ ನಾನು ಹೆಂಗೆ ನಿಂತ್ಕೊಂಡು ಕೋಡಿ ಬೇಡ ಅನ್ಲಿ? ಎಷ್ಟು ಸಲ ಅವಳ ಕೈಯಲ್ಲಿ ಉಂಡಿದೀನಿ. ಉಂಡ ಮನೆಗೆ ಎರಡು ಬಗೆದಂಗಾಗಲ್ವಾ?"

ತಬಸ್ಸುಮ್ ಕೈಯ ಜೇಡಿ ಉಜ್ಜಿಕೊಳ್ಳುತ್ತ ಕೂತಳು. "ನನ್ನ ನೀರಿಗೆ ಆ ಕಷ್ಟ ಇಲ್ಲ, ನೋಡು" ಅಂದಳು. "ಹೂಳಿನ ಮಾತು ನಂಗೆ ಗೊತ್ತೇ ಇರಲಿಲ್ಲ ಗಿರಿಜಾ. ಆ ಹಳ್ಳ ಒಂದೆರಡು ವರ್ಷ ಬಳೀದೇ ಬಿಟ್ರೆ ನನ್ನ ಅಳತೆನೇ ಸುಳ್ಳಾಗುತ್ತೆ. ಎರಡೂ ಕೆರೆಗೆ ನೀರು ಬರಲ್ಲ."

ಗೋಷ್ಠಿಯವರೆಗೂ ನಾವು ಮಾತು ನಿಲ್ಲಿಸಲಿಲ್ಲ. ಅವಳು ನನಗೆ ಗೆರೆ ಓದುವುದು ಹೇಳಿಕೊಟ್ಟಳು, ನಾನು ಅವಳಿಗೆ ಯಾರು ಯಾವ ಮಾತನ್ನು ಯಾಕೆ ಹಾಗೆ ಹೇಳಿದರು ಅಂತ ಬಿಡಿಸಿ ಹೇಳಿದೆ. ನಡುನಡುವೆ ಕಿತ್ತಾಡಿದೆವು. ಮೇಡಂ ಅನ್ನುವುದು ಮಾತ್ರ ಬಿದ್ದುಹೋಯಿತು. ಪುಣೆಯ ಮಾತನ್ನು ಅವಳು ಎತ್ತಲಿಲ್ಲ. ಕೇಳಿದರೆ ಹೌದು ಅಂದುಬಿಡುತ್ತಾಳೆಂಬ ಭಯಕ್ಕೆ ನಾನೂ ಎತ್ತಲಿಲ್ಲ.

ಗೋಷ್ಠಿ

ನನ್ನ ಪೆಟ್ಟಿಗೆ ಕೊನೆಗೂ ಬಂದಿತ್ತು. ಒಳ್ಳೆಯ ಸೀರೆ ಉಟ್ಟು ಹೊರಟೆ. ಬಾಗಿಲಲ್ಲಿ ತಬಸ್ಸುಮ್ ನನ್ನ ಸೆರಗು ಸರಿಮಾಡಿ, "ಇವತ್ತು ನನ್ನ ಗದ್ದೆ ನಿಂಗೆ ಬಿಟ್ಟಿದೀನಿ. ಗುಣದಾಸನ ಥರ ಬದು ತುಳಿದು ಹಾಳು ಮಾಡ್ಬೇಡ" ಅಂದಳು.

"ನೀನು ನನ್ನ ಗದ್ದೇಲಿ ಕಳೆ ಕಿತ್ತರೆ ಸಾಕು" ಅಂದೆ.

ಮೊದಲು ಅವಳದು. ಅವಳು ಕಾಗದ ನೋಡಲಿಲ್ಲ. ಹಾಲಮ್ಮಕ್ಕನ ದನಿಯನ್ನು ಸಭೆಗೆ ಕೇಳಿಸಿದಳು, ಕನ್ನಡದಲ್ಲೇ. ಹೊರಗೆ ಎಲ್ಲೋ ಕೋಳಿ ಕೂಗಿದ್ದೂ ಆ ರೆಕಾರ್ಡಿನಲ್ಲಿತ್ತು. ಅನುರಾಧಪುರದ ಆ ತಂಪು ಕೋಣೆಯಲ್ಲಿ ಹಿರೇನಲ್ಲೂರು ಕಡೆಯ ಕೋಳಿ ಕೂಗಿದ್ದು ಕೇಳಿ ನನಗೆ ಮೈ ಜುಮ್ಮೆಂದಿತು. ಆಮೇಲೆ ಅದನ್ನು ಇಂಗ್ಲಿಷಿಗೆ ತಿರುಗಿಸಿ, "ಇದನ್ನು ನಾನು ವರದಿಯ ಕೊನೆಗೆ ಹಾಕಿದ್ದೆ. ಇದು ಮೊದಲ ಪುಟದಲ್ಲಿರಬೇಕಾದ ಮಾಹಿತಿ. ಹಳ್ಳ ಯಾರು ಬಳಿಯುತ್ತಾರೆ ಅಂತ ತಿಳಿಯದೆ ನೀರು ಎಷ್ಟು ಹರಿಯುತ್ತದೆ ಅಂತ ಹೇಳಲು ನನಗಾಗುವುದಿಲ್ಲ" ಅಂದಳು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಅತ್ತುಬಿಡುತ್ತಿದ್ದೆ.

ನನ್ನ ಸರದಿ ಬಂದಾಗ ಕೋಡಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಅನ್ನುವುದೇ ಮರೆತುಹೋಯಿತು. ಕೋಡಿ ಅಂತಲೇ ಹೇಳಿ ಕೈಯಲ್ಲಿ ತೋರಿಸಿದೆ. ಗೆರೆಯನ್ನು ಏರಿಸಿ ಇಳಿಸಿ ವಿವರಿಸಿದೆ. ಕೋಡಿ ಎತ್ತರಿಸಬಾರದು, ಹೂಳು ತೆಗೆಯುವ ಕೆಲಸ ಎರಡೂ ಊರಿನದಾಗಬೇಕು ಅಂತ ಮುಗಿಸಿದೆ.

ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದರು. "ಚೆನ್ನಾಗಿ ಹೇಳಿದಿರಮ್ಮ. ಇಲ್ಲಿ ಹೇಳುವುದು ಸುಲಭ. ಆ ಊರಿಗೆ ಹೋಗಿ ಇದನ್ನು ಯಾರು ಹೇಳುತ್ತಾರೆ?"

ನಾನು ಬಾಯಿ ತೆರೆಯುವ ಮೊದಲೇ ತಬಸ್ಸುಮ್ ಎದ್ದಳು. "ನಾನು ಹೇಳುತ್ತೇನೆ. ಇವಳು ಆ ಮನೆಯಲ್ಲಿ ಊಟ ಮಾಡಿದವಳು. ಕಹಿ ಮಾತು ನನ್ನ ಬಾಯಿಂದ ಹೋಗಲಿ, ಇವಳು ಪಕ್ಕದಲ್ಲಿ ಸುಮ್ಮನೆ ಕೂತಿದ್ದರೆ ಸಾಕು."

ಆ ಹಿರಿಯರು ತಲೆ ಅತ್ತಿತ್ತ ಆಡಿಸಿದರು. ಈ ಸಲ ಅದು ಹೌದು ಅಂತಲೇ ನನಗೆ ತಿಳಿಯಿತು.

ಮೇಲಿನೂರು

ವಾಪಸು ಬಂದು ಮನೆ ಕಸ ಗುಡಿಸಿಕೊಳ್ಳುವುದಕ್ಕೂ ಮೊದಲು ಹಾಲಮ್ಮಕ್ಕನ ಊರಿಗೆ ಹೋದೆವು. ವರದಿ ಒಟ್ಟಿಗೇ ತಿದ್ದೋಣ ಅಂತ ತಬಸ್ಸುಮ್ ಅಂದಿದ್ದಳು. ಅವಳು ಪುಣೆಗೆ ಹೋದ ಮೇಲೆ ಅದನ್ನು ಹಿಡಿದುಕೊಂಡು ಊರೂರು ತಿರುಗುವವಳು ನಾನೊಬ್ಬಳೇ ಅನ್ನುವುದು ಮನಸ್ಸಿನಲ್ಲಿ ಭಾರವಾಗಿ ಕೂತಿತ್ತು.

ಹಾಲಮ್ಮಕ್ಕ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ತಬಸ್ಸುಮ್ ಕೊಟ್ಟ ಮಾತಿನಂತೆ ತಾನೇ ಹೇಳಿದಳು. ನಿಧಾನವಾಗಿ, ಸುತ್ತಿ ಬಳಸದೆ, ಹೂಳಿನ ಮಾತನ್ನೂ ಸೇರಿಸಿ. ಹಾಲಮ್ಮಕ್ಕ ಅವಳ ಕಡೆ ನೋಡಲೇ ಇಲ್ಲ. ಪೂರ್ತಿ ಕೇಳಿ, ಬೀಜ ತೆಗೆಯುತ್ತಿದ್ದ ಕೈ ನಿಲ್ಲಿಸಿ, ನನ್ನ ಮುಖ ನೋಡಿದಳು.

"ನೀನೇನಂತೀಯವ್ವ?"

ನಾನು ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಸಾಕು ಅಂತ ತಬಸ್ಸುಮ್ ತುಂಬಿದ ಸಭೆಯಲ್ಲಿ ಹೇಳಿದ್ದಳು. ಆದರೆ ಕಣ್ಣ ಮುಂದೆ ಆ ಒಣ ಚಿಪ್ಪು ನಿಂತಿತ್ತು.

"ಕೋಡಿ ಎತ್ತಬಾರ್ದು, ಹಾಲಮ್ಮಕ್ಕ. ಅವಳು ಹೇಳಿದ್ದು ನನ್ನ ಮಾತೂ ಹೌದು."

ಹಾಲಮ್ಮಕ್ಕ ಮೊರ ಎತ್ತಿಕೊಂಡು ಎದ್ದಳು. "ಹೂಳೆತ್ತಾಕೆ ಬತ್ತೀವಿ ಅಂತ ಕೆಳಗಿನೋರು ಬಂದು ನನ್ನ ಮುಂದೆ ಹೇಳ್ಲಿ. ಆಮ್ಯಾಕೆ ನೋಡಾನ" ಅಂದಳು.

"ಕರ್ಕಂಡ್ ಬತ್ತೀವಿ" ಅಂದಳು ತಬಸ್ಸುಮ್.

ಹಾಲಮ್ಮಕ್ಕ ಒಳಗೆ ಹೋದಳು. ಉಂಡ್ಕಂಡು ಹೋಗಿ ಅಂತ ಅವಳು ಅನ್ನದೇ ಇದ್ದದ್ದು ಅವತ್ತೇ ಮೊದಲು. ಮಧ್ಯಾಹ್ನದ ಬಿಸಿಲಿನಲ್ಲಿ ಬಸ್ಸಿನ ಕಟ್ಟೆಯವರೆಗೂ ನಡೆದು ಬಂದು ಕೂತೆವು. ಹಸಿವಾಗಿತ್ತು, ಎದೆಯೂ ನೋಯುತ್ತಿತ್ತು. ಆ ನೋವನ್ನು ಅವಳ ಮೇಲೆ ತಿರುಗಿಸಿದೆ.

"ಕರ್ಕಂಡ್ ಬತ್ತೀವಿ ಅಂದ್ಬಿಟ್ಟೆಯಲ್ಲ, ಪುಣೆಯಿಂದ ಬಂದು ಕರ್ಕೊಂಡು ಬತ್ತೀಯಾ?"

"ಪುಣೆಗೆ ಬರಲ್ಲ ಅಂತ ಬರೆದಾಗಿದೆ."

"ಯಾವಾಗ್ಲೇ?"

"ಅನುರಾಧಪುರದಲ್ಲೇ. ನೀನು ಮಾತು ಮುಗಿಸಿ ಬಂದು ಕೂತ್ಯಲ್ಲ, ಅವತ್ತೇ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಇಷ್ಟು ದಿನ ಬಾಯಿ ಬಿಡಲಿಲ್ವಲ್ಲೇ! ದಿನಾ ಎಷ್ಟು ಒದ್ದಾಡಿದೀನಿ ಗೊತ್ತೇನೇ ನಿಂಗೆ?"

"ಗೊತ್ತು" ಅಂದಳು. ಚಪ್ಪಲಿಯ ತುದಿಯಿಂದ ಮಣ್ಣು ಕೆದಕುತ್ತಿದ್ದಳು. "ಮೊದ್ಲೇ ಹೇಳಿದ್ರೆ, ನಾನು ಉಳ್ಕೊಂಡ ಋಣಕ್ಕೆ ನೀನು ಹಾಲಮ್ಮನ ಮುಂದೆ ಹೂಂ ಅಂತಿದ್ದೆ. ಋಣದ ಮಾತು ನಂಗೆ ಬೇಡವಾಗಿತ್ತು ಕಣೇ. ನಿನ್ನ ಮಾತು ಬೇಕಿತ್ತು."

ಕಡೂರಿನ ಬಸ್ಸು ಬಂತು. ಅವಳು ಕೈ ಅಡ್ಡ ಹಾಕಿ ನಿಲ್ಲಿಸಿದಳು. ನಾನು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಅವಳ ಹಿಂದೆ ಹತ್ತಿದೆ.